ಆ ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ

(ಈ ವಾರದ ಸಂಚಿಕೆಯ ಪೂರ್ಣ ಪಠ್ಯ. ಕೇಳಲು ಆಗದವರಿಗಾಗಿ ಮತ್ತು ಓದಲು ಇಷ್ಟಪಡುವವರಿಗಾಗಿ.)

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ, ರಾತ್ರಿ ಲೈಟ್ ಆರಿಸಿ ಒಂದೇ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರೋ, ಎಲ್ಲರಿಗೂ ಸ್ವಾಗತ. ಸಾಮಾನ್ಯವಾಗಿ ನಾನಿಲ್ಲಿ ದುಡ್ಡಿನ ವಿಷಯ ಮಾತಾಡ್ತೀನಿ. ಇವತ್ತೂ ದುಡ್ಡಿನ ಲೆಕ್ಕಕ್ಕೆ ಬಂದೇ ಬರ್ತೀನಿ. ಆದರೆ ಶುರು ಮಾಡೋದು ನಮ್ಮ ಮನೆ ಬಚ್ಚಲಿಂದ.

ನಮ್ಮ ಮನೆ ಇರೋದು ಹಾಸನದಲ್ಲಿ. ಅಪ್ಪ, ಅಮ್ಮ, ನಾನು, ನನ್ನ ತಮ್ಮ. ಅಕ್ಕ ಮದುವೆಯಾಗಿ ತುಮಕೂರಲ್ಲಿದ್ದಾಳೆ. ತಮ್ಮನಿಗೆ ಈಗ 24 ವರ್ಷ. ಹುಟ್ಟಿದಾಗಿಂದ ಸೆರೆಬ್ರಲ್ ಪಾಲ್ಸಿ. ಬುದ್ಧಿಗೆ ಏನೂ ಆಗಿಲ್ಲ, ಕೈಕಾಲು ಮಾತ್ರ ಮಿದುಳು ಹೇಳಿದ ಮಾತು ಕೇಳಲ್ಲ. ಮಾತು ತೊದಲು. ಅಭ್ಯಾಸ ಇರೋರಿಗೆ ಪೂರ್ತಿ ಅರ್ಥ ಆಗುತ್ತೆ. ಐಪಿಎಲ್ ಲೆಕ್ಕಾಚಾರದಲ್ಲಂತೂ ಬಿ.ಕಾಂ ಓದಿರೋ ನನ್ನನ್ನೇ ಸೋಲಿಸ್ತಾನೆ.

ಈ ಸಂಚಿಕೆಯನ್ನ ಮೊದಲು ಅವನಿಗೇ ಓದಿ ಹೇಳಿದೀನಿ. ಎರಡು ಕಡೆ "ಇದು ಬೇಡ" ಅಂದ, ತೆಗೆದೆ. ಉಳಿದದ್ದಕ್ಕೆ ಒಪ್ಪಿಗೆ ಕೊಟ್ಟಿದಾನೆ. ನಾನು "ವಿಶೇಷಚೇತನ" ಅಂತ ಬರ್ಕೊಂಡಿದ್ದೆ. "ಇದರಲ್ಲಿ ವಿಶೇಷ ಏನಿದೆ? ಅಂಗವಿಕಲ ಅಂತಲೇ ಹೇಳು" ಅಂದ. ಹಾಗೇ ಹೇಳ್ತೀನಿ.

ವಿಷಯಕ್ಕೆ ಬರೋಣ. ಕಳೆದ ವರ್ಷ ದೀಪಾವಳಿ ಮುಗಿದ ಮರುವಾರ, ತಮ್ಮನನ್ನ ಮಂಚದಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುವಾಗ ಅಮ್ಮ "ಅಯ್ಯೋ" ಅಂತ ಕೂಗಿ ಅಲ್ಲೇ ಕೂತುಬಿಟ್ರು. ಡಾಕ್ಟರು ನೋಡಿ ಬೆನ್ನಿನ ಡಿಸ್ಕ್ ಜಾರಿದೆ ಅಂದ್ರು. ಆರು ವಾರ ವಿಶ್ರಾಂತಿ, ಕೊಡಪಾನವನ್ನೂ ಎತ್ತೋ ಹಾಗಿಲ್ಲ.

ಆವತ್ತು ಸಂಜೆ ಮನೆ ನಡುಮನೆಯಲ್ಲಿ ಒಂದು ಮೀಟಿಂಗ್ ಆಯ್ತು. ಅಪ್ಪ, ಸೋದರಮಾವ, ಪಕ್ಕದ ಮನೆ ಆಂಟಿ, ಫೋನಿನ ಸ್ಪೀಕರ್‌ನಲ್ಲಿ ಅಕ್ಕ. ಪ್ರಶ್ನೆ ಒಂದೇ: ತಮ್ಮನನ್ನ ಯಾರು ನೋಡ್ಕೋತಾರೆ?

ಮೊದಲ ಹೆಸರು ಅಕ್ಕನದು. ಮೂರು ಗಂಟೆ ಬಸ್ ದಾರಿ, ಯುಕೆಜಿ ಓದೋ ಮಗಳು, ಒಂದು ಕೆಲಸ. ಆದ್ರೂ ಮೊದಲ ಹೆಸರು ಅವಳದೇ. ಎರಡನೆಯದು ಊರಲ್ಲಿರೋ ಚಿಕ್ಕಮ್ಮ. ಅವರಿಗೆ ಶುಗರ್, ಅದಕ್ಕೆ ಬೇಡ ಅಂತಾಯ್ತು. ಮೂರನೆಯದು ಹೋಂ ನರ್ಸ್. ಏಜೆನ್ಸಿಗೆ ಫೋನ್ ಹಚ್ಚಿ ಅಪ್ಪ ಕೇಳಿದ ಮೊದಲ ಮಾತು, "ಲೇಡೀಸ್ ಇದ್ದಾರಾ?" ನಾಲ್ಕನೆಯದನ್ನ ಹೇಳಿದ್ದು ಸೋದರಮಾವ. ನನ್ನ ಕಡೆ ತಿರುಗಿ, "ಇವನಿಗೆ ಬೇಗ ಒಂದು ಮದುವೆ ಮಾಡಿಬಿಡಿ. ಬರೋ ಹುಡುಗಿ ನೋಡ್ಕೋತಾಳೆ" ಅಂದ್ರು.

ನಾನಿನ್ನೂ ನೋಡದೇ ಇರೋ, ಹೆಸರೂ ಗೊತ್ತಿಲ್ಲದ ಒಬ್ಬ ಹುಡುಗಿಗೆ ನಮ್ಮ ನಡುಮನೆಯಲ್ಲಿ ಡ್ಯೂಟಿ ಹಾಕಿ ಆಗಿತ್ತು. ನಾನು ಅದೇ ರೂಮಲ್ಲಿ ಕೂತಿದ್ದೆ. ಮನೆಯಿಂದಲೇ ಕೆಲಸ ಮಾಡೋನು. ಅಂಗಡಿಗಳ ಜಿಎಸ್‌ಟಿ ರಿಟರ್ನ್ ಹಾಕೋದು, ಈ ಪಾಡ್‌ಕಾಸ್ಟ್ ಮಾಡೋದು. 27 ವರ್ಷ, ಗಟ್ಟಿಮುಟ್ಟಾಗಿದೀನಿ, ಜಿಮ್ಮಿಗೂ ಹೋಗ್ತೀನಿ. ಅಲ್ಲಿದ್ದವರಲ್ಲಿ ತಮ್ಮನನ್ನ ಸಲೀಸಾಗಿ ಎತ್ತಬಲ್ಲವನು ನಾನೊಬ್ಬನೇ. ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ.

ಸತ್ಯ ಹೇಳ್ಬೇಕು ಅಲ್ವಾ? ನನಗೆ ಆಗ ಬೇಜಾರಾಗಲಿಲ್ಲ. ಸಮಾಧಾನ ಆಯ್ತು. ನಾನೂ ಬಾಯಿ ಬಿಡಲಿಲ್ಲ. ಕೊನೆಗೆ ಫೋನಲ್ಲಿ ಅಕ್ಕನೇ, "ನಾನು ಬರ್ತೀನಿ. ಆದ್ರೆ ಒಂದು ಕೇಳ್ಲಾ? ನೀನು ಮನೇಲೇ ಇದೀಯಲ್ಲೋ" ಅಂದಳು. ಅಷ್ಟೇ. ಯಾರೂ ಮಾತಾಡಲಿಲ್ಲ. ಪಕ್ಕದ ಮನೆ ಆಂಟಿ, "ಪಾಪ, ಅವನಿಗೆಲ್ಲಿ ಬರುತ್ತೆ ಅದೆಲ್ಲ" ಅಂತ ನನ್ನ ಪರವಾಗಿ ವಾದ ಮಾಡಿದ್ರು.

ಮರುದಿನ ಬೆಳಿಗ್ಗೆ ಅಕ್ಕ ಬರೋದ್ರೊಳಗೆ ತಮ್ಮನಿಗೆ ಸ್ನಾನ ಆಗ್ಬೇಕಿತ್ತು. ನಾನೇ ಕರ್ಕೊಂಡು ಹೋದೆ. ಮೊದಲ ದಿನ ನನಗೆ ಏನೇನು ಗೊತ್ತಿರಲಿಲ್ಲ ಗೊತ್ತಾ? ಅವನ ಎಡಗೈ ಮೊದಲು ಅಂಗಿಗೆ ಹೋಗ್ಬೇಕು, ಬಲಗೈ ಆಮೇಲೆ ಅನ್ನೋದು. ತಣ್ಣೀರು ಬಿದ್ರೆ ಸ್ನಾಯು ಸೆಟೆದುಕೊಳ್ಳುತ್ತೆ ಅನ್ನೋದು. ಕಾಲು ಬಿಗಿದಾಗ ಜಗ್ಗಬಾರದು, ಮೊಣಕಾಲ ಹಿಂದೆ ಕೈ ಇಟ್ಟು ಕಾಯಬೇಕು ಅನ್ನೋದು. ಒಂದೇ ಮನೇಲಿ ಇಷ್ಟು ವರ್ಷ ಇದ್ದೂ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಅಮ್ಮ ರೂಮಲ್ಲಿ ಮಲಗಿಕೊಂಡೇ ಕೂಗಿ ಕೂಗಿ ಹೇಳಿಕೊಡ್ತಿದ್ರು. ಮುಕ್ಕಾಲು ಗಂಟೆ ಬೇಕಾಯ್ತು.

ನಾವು "ನೋಡ್ಕೊಳ್ಳೋದು" ಅಂತೀವಲ್ಲ, ಅಲ್ಲಿವರೆಗೂ ನಮ್ಮ ಮನೇಲಿ ನಾನೂ ಅಪ್ಪನೂ ನೋಡ್ತಾ ಇದ್ವಿ. ಮಾಡ್ತಾ ಇದ್ದಿದ್ದು ಅಮ್ಮ.

ಅಪ್ಪನನ್ನ ಬೈಯ್ಯೋಕೆ ಹೇಳ್ತಿಲ್ಲ ಇದು. ಅಪ್ಪ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆದು ಮನೆ ನಡೆಸಿದವರು. ತಮ್ಮನ ಯುಡಿಐಡಿ ಕಾರ್ಡಿಗೆ ಓಡಾಡಿದ್ದು, ಪಿಂಚಣಿ ಅರ್ಜಿ ಹಾಕಿದ್ದು, ಆಸ್ಪತ್ರೆಯಲ್ಲಿ ಕ್ಯೂ ನಿಂತಿದ್ದು ಎಲ್ಲ ಅವರೇ. ಆದರೆ ಗಮನಿಸಿ, ಅದೆಲ್ಲ ಆಗಾಗ ಬರೋ ಕೆಲಸ. ಹೊರಗಿನವರ ಕಣ್ಣಿಗೆ ಬೀಳೋ ಕೆಲಸ. ಕಾರ್ಡ್ ಕೈಗೆ ಬಂದ್ರೆ ಮುಗೀತು. ಅಮ್ಮಂದು ದಿನಾ ಬರೋ ಕೆಲಸ. ಹಲ್ಲುಜ್ಜಿಸೋದು, ಕಕ್ಕಸು ಮಾಡಿಸೋದು, ತಿನ್ನಿಸೋದು, ರಾತ್ರಿ ಎರಡು ಸಲ ಎದ್ದು ಮಗ್ಗುಲು ತಿರುಗಿಸೋದು. ಇವತ್ತು ಮುಗಿಸಿದ್ರೆ ನಾಳೆ ಬೆಳಿಗ್ಗೆ ಮತ್ತೆ ಮೊದಲಿಂದ. ಎಷ್ಟೋ ಮನೆಗಳಲ್ಲಿ ಗಂಡಸು ಹೆಂಗಸಿನ ನಡುವೆ ಗೆರೆ ಬೀಳೋದು ಇಲ್ಲೇ. ಗಂಡಸಿನ ಪಾಲಿಗೆ ಕಾಗದ, ವಾಹನ, ದುಡ್ಡು. ಹೆಂಗಸಿನ ಪಾಲಿಗೆ ಮೈ.

ಇದು ನಮ್ಮೊಬ್ಬರ ಮನೆ ಕಥೆ ಅಲ್ಲ. ಕೇಂದ್ರ ಸರ್ಕಾರದ ಅಂಕಿಅಂಶ ಸಚಿವಾಲಯ 2024ರಲ್ಲಿ ಜನ ದಿನದ 24 ಗಂಟೆಯನ್ನ ಹೇಗೆ ಕಳೀತಾರೆ ಅಂತ ಸಮೀಕ್ಷೆ ಮಾಡಿತು. ಟೈಮ್ ಯೂಸ್ ಸರ್ವೆ ಅಂತಾರೆ. 15ರಿಂದ 59 ವರ್ಷದವರಲ್ಲಿ ಮನೆಯವರ ಆರೈಕೆ ಮಾಡಿದ ಹೆಂಗಸರು ಶೇ 41, ಗಂಡಸರು ಶೇ 21.4. ಹಾಗೆ ಮಾಡಿದವರಲ್ಲೂ ಹೆಂಗಸರು ದಿನಕ್ಕೆ ಸರಾಸರಿ 140 ನಿಮಿಷ ಕೊಟ್ಟಿದ್ರೆ, ಗಂಡಸರು 74 ನಿಮಿಷ. ಇದರಲ್ಲಿ ಮಕ್ಕಳು, ಮುದುಕರು, ಕಾಯಿಲೆಯವರು, ಅಂಗವಿಕಲರು ಎಲ್ಲರ ಆರೈಕೆಯೂ ಸೇರಿದೆ. ಅಂಗವಿಕಲರ ವಿಷಯಕ್ಕೇ ಬಂದರೆ, 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ. ಅವರಲ್ಲಿ ಎಲ್ಲರಿಗೂ ದಿನಪೂರ್ತಿ ಆರೈಕೆ ಬೇಕಿಲ್ಲ, ಎಷ್ಟೋ ಜನ ತಮ್ಮ ಕೆಲಸ ತಾವೇ ಮಾಡ್ಕೋತಾರೆ. ಆದರೆ ಬೇಕಾದವರ ಮನೇಲಿ ಆ ಪಟ್ಟಿ ಹೇಗೆ ತಯಾರಾಗುತ್ತೆ ಅನ್ನೋದು ನಿಮಗೀಗ ಗೊತ್ತಾಗಿರುತ್ತೆ.

ಈಗ ಲೆಕ್ಕ. ಕಾಮರ್ಸ್ ಓದಿದವನ ಚಟ, ಸಹಿಸ್ಕೊಳ್ಳಿ.

ಅಮ್ಮ ಟಿಸಿಎಚ್ ಮಾಡಿದವರು. ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡ್ತಿದ್ರು. ತಮ್ಮನಿಗೆ ಒಂದು ವರ್ಷ ಆದಾಗ ಬಿಟ್ರು. ಮೊದಲ ನಾಲ್ಕು ವರ್ಷ ನಾನು ಲೆಕ್ಕಕ್ಕೆ ಹಿಡಿಯಲ್ಲ, ಯಾವ ಮಗುವಿಗಾದ್ರೂ ಅಷ್ಟು ಆರೈಕೆ ಬೇಕೇ ಬೇಕು. ಉಳಿದದ್ದು 20 ವರ್ಷ. ದಿನಕ್ಕೆ ಐದೇ ಗಂಟೆ ಹಿಡೀರಿ. ಭಾನುವಾರ ಇಲ್ಲ, ಹಬ್ಬ ಇಲ್ಲ. 36,500 ಗಂಟೆ. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನದ ನೌಕರಿ ಅಂದ್ಕೊಂಡ್ರೆ, 15 ವರ್ಷದ ಸರ್ವೀಸು. ಸಂಬಳ ಇಲ್ಲ, ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಕೊನೆಗೆ ಸಿಕ್ಕಿದ್ದು ಜಾರಿದ ಡಿಸ್ಕು.

"ಪ್ರೀತಿಗೆ ಬೆಲೆ ಕಟ್ತೀಯೇನೋ" ಅಂತ ಕೇಳೋರಿಗೆ ಒಂದು ತೀರ್ಪಿನ ವಿಷಯ ಹೇಳ್ತೀನಿ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಅಪಘಾತ ಪರಿಹಾರದ ಪ್ರಕರಣ ಇತ್ತು. 12 ವರ್ಷ ವಯಸ್ಸಿನಲ್ಲಿ ಅಪಘಾತಕ್ಕೆ ಸಿಕ್ಕಿ ಜೀವನಪೂರ್ತಿ ಇನ್ನೊಬ್ಬರ ಆರೈಕೆಯಲ್ಲೇ ಇರಬೇಕಾದ ಹುಡುಗಿ. ಅವಳಿಗೆ ಇಬ್ಬರು ಸಹಾಯಕರು ಬೇಕು ಅಂತ ಕೋರ್ಟ್ ಹೇಳಿತು. ಒಬ್ಬರಿಗೆ ತಿಂಗಳಿಗೆ 5,000, ಇಬ್ಬರಿಗೆ 10,000, ವರ್ಷಕ್ಕೆ 1,20,000. ಅದನ್ನ 18ರಿಂದ ಗುಣಿಸಿ, ಸಹಾಯಕರ ಖರ್ಚು ಅಂತಲೇ 21,60,000 ರೂಪಾಯಿ ಕೊಡಿಸಿತು. ಅಂದ್ರೆ ಕೋರ್ಟು ಕೂತು ಲೆಕ್ಕ ಹಾಕಿದಾಗ ಈ ಕೆಲಸಕ್ಕೆ ಬೆಲೆ ಇದೆ. ಇಬ್ಬರು ಮಾಡೋ ಕೆಲಸ ಅಂತಲೂ ಗೊತ್ತಾಗುತ್ತೆ. ಅದನ್ನೇ ಮನೇಲಿ ಅಮ್ಮ ಒಬ್ಬರೇ ಮಾಡಿದ್ರೆ ಸೊನ್ನೆ.

ಕಾನೂನಲ್ಲಿ ಏನೂ ಇಲ್ಲ ಅಂತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆರೈಕೆ ಮಾಡುವವರು ಯಾರು ಅಂತ ಹೇಳುವಾಗ ಸಂಬಳ ಪಡೆಯದ ಮನೆಯವರನ್ನೂ ಸೇರಿಸಿದೆ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆ ಭತ್ಯೆಯ ಮಾತನ್ನೂ ಆಡಿದೆ. ಕರ್ನಾಟಕ ಸರ್ಕಾರ 2024-25ರ ಬಜೆಟ್‌ನಲ್ಲಿ, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿಯಂಥ ಕೆಲವು ತೊಂದರೆ ಇರೋರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿತು. ಬೇಡ ಅನ್ನೋಕಾಗಲ್ಲ, ಔಷಧಿ ಅಂಗಡಿ ಬಿಲ್ಲಿಗಾದ್ರೂ ಆಗುತ್ತೆ. ಆದರೆ ದಿನಕ್ಕೆ ಐದು ಗಂಟೆ, ತಿಂಗಳಿಗೆ 150 ಗಂಟೆ. ಗಂಟೆಗೆ ಏಳು ರೂಪಾಯಿಯೂ ಬೀಳಲ್ಲ.

ಆದಾಯ ತೆರಿಗೆಗೆ ಬನ್ನಿ. ಹಳೆ ತೆರಿಗೆ ಪದ್ಧತಿಯಲ್ಲಿ ನಾವು ಓದಿದ 80ಡಿಡಿ ನೆನಪಿದೆಯಾ? ಅವಲಂಬಿತ ಅಂಗವಿಕಲರು ಮನೇಲಿದ್ರೆ 75,000 ರೂಪಾಯಿ ಕಡಿತ, ಅಂಗವೈಕಲ್ಯ ಶೇ 80 ಅಥವಾ ಹೆಚ್ಚಿದ್ರೆ 1,25,000. ಹೊಸ ಪದ್ಧತಿ ಆರಿಸಿಕೊಂಡ್ರೆ ಅದೂ ಇಲ್ಲ. ನನ್ನ ಕ್ಲೈಂಟ್ ಒಬ್ಬರ ರಿಟರ್ನ್ ಹಾಕುವಾಗ ಈ ಕಾಲಂ ತುಂಬ್ತಾ ಇದ್ದೆ. ಮಗಳನ್ನ ನೋಡ್ಕೊಳ್ಳೋಕೆ ಕೆಲಸ ಬಿಟ್ಟಿದ್ದು ಅವರ ಹೆಂಡತಿ. ಕೆಲಸ ಬಿಟ್ಟಿದ್ದರಿಂದ ಅವರಿಗೆ ಆದಾಯ ಇಲ್ಲ. ಆದಾಯ ಇಲ್ಲದ ಕಾರಣ ಕಡಿತವೂ ಇಲ್ಲ. ರಿಯಾಯಿತಿ ಹೋಗಿದ್ದು ಗಂಡನ ಪ್ಯಾನ್ ನಂಬರಿಗೆ. ಇದು ಯಾರದೂ ಮೋಸ ಅಲ್ಲ, ಫಾರಂ ಇರೋದೇ ಹಾಗೆ.

ಇನ್ನು ರಜೆ. ಕೇಂದ್ರ ಸರ್ಕಾರಿ ನೌಕರರಿಗೆ ಇಡೀ ಸರ್ವೀಸಿನಲ್ಲಿ 730 ದಿನದ ಮಕ್ಕಳ ಆರೈಕೆ ರಜೆ ಇದೆ. ಯಾರಿಗೆ? ಮಹಿಳೆಯರಿಗೆ, ಮತ್ತೆ ಒಂಟಿ ತಂದೆಯರಿಗೆ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅಂಗವಿಕಲ ಮಗ ಇದ್ದ ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜಿನ ಅಧ್ಯಾಪಕಿಯೊಬ್ಬರ ಅರ್ಜಿ ವಿಚಾರಣೆ ಮಾಡಿ, ಇಂಥ ತಾಯಂದಿರಿಗೆ ಈ ರಜೆ ಕೊಡದೇ ಇರೋದು ಮಹಿಳೆಯರಿಗೆ ಉದ್ಯೋಗದಲ್ಲಿ ಸಮಾನ ಅವಕಾಶ ಕೊಡೋ ಸಂವಿಧಾನದ ಕರ್ತವ್ಯಕ್ಕೆ ವಿರುದ್ಧ ಅಂತು. ಒಳ್ಳೇ ಮಾತು, ಬೇಕಾಗಿದ್ದ ಮಾತು. ಆದರೆ ಹೆಂಡತಿ ಇರೋ ಅಪ್ಪ ಈ ರಜೆ ಕೇಳೋಕೆ ನಿಯಮದಲ್ಲಿ ಜಾಗ ಇಲ್ಲ. ಮನೇಲಿ ಹೆಂಗಸು ಇದ್ದ ಮೇಲೆ ಇವನಿಗ್ಯಾಕೆ ರಜೆ ಅನ್ನೋ ಊಹೆ ಅದು. ನಮ್ಮ ಸೋದರಮಾವನ ಪಟ್ಟಿಯೂ ಸರ್ಕಾರದ ನಿಯಮವೂ ಇಲ್ಲಿ ಒಂದೇ ಭಾಷೆ ಮಾತಾಡ್ತವೆ.

ದುಡ್ಡಿನ ಲೆಕ್ಕ ಸಾಕು. ಲೆಕ್ಕಕ್ಕೆ ಸಿಗದ ಒಂದು ವಿಷಯ ಇದೆ. ಈ ಸಂಚಿಕೆ ಮಾಡಿದ್ದೇ ಅದಕ್ಕೋಸ್ಕರ.

ಅಕ್ಕ ಬಂದು ಹತ್ತು ದಿನ ಇದ್ದಳು. ನಾವಿಬ್ಬರೂ ಕೆಲಸ ಹಂಚಿಕೊಂಡ್ವಿ, ಸ್ನಾನ ನನ್ನ ಪಾಲಿಗೆ ಬಂತು. ನಾಲ್ಕನೇ ದಿನವೋ ಐದನೇ ದಿನವೋ, ಬೆನ್ನಿಗೆ ಸೋಪು ಹಾಕುವಾಗ ತಮ್ಮ ಏನೋ ಅಂದ. ನೀರಿನ ಸದ್ದಿಗೆ ಕೇಳಲಿಲ್ಲ. ನಲ್ಲಿ ನಿಲ್ಲಿಸಿದೆ. ಅವನು ನಿಧಾನವಾಗಿ ಮತ್ತೆ ಹೇಳಿದ. "ಅಮ್ಮ ಸ್ನಾನ ಮಾಡಿಸಿದ್ರೆ ನಂಗೆ ನಾಚಿಕೆ ಆಗುತ್ತೆ ಕಣೋ. ಹದಿನೈದು ವರ್ಷದವನಿದ್ದಾಗಿಂದ."

"ಮತ್ತೆ ಯಾಕೋ ಹೇಳಲಿಲ್ಲ?" ಅಂದೆ.

"ಅಮ್ಮನಿಗೆ ಹೇಳಿದ್ರೆ ನೋವಾಗುತ್ತೆ. ನೀನು ಯಾವತ್ತೂ ಒಳಗೆ ಬರಲಿಲ್ಲ."

ಒಂಬತ್ತು ವರ್ಷ. ಅವನು ಮೀಸೆ ಬಂದ ಗಂಡಸು. ಅವನ ಮೈಯನ್ನ ಯಾರು ಮುಟ್ಟಬೇಕು ಅಂತ ನಾವು ಯಾರೂ ಒಮ್ಮೆಯೂ ಅವನನ್ನ ಕೇಳಿರಲಿಲ್ಲ. ಅಮ್ಮನ ಬೆನ್ನಿನ ಬಗ್ಗೆ ಯೋಚನೆ ಮಾಡದವರು, ಅವನ ಮಾನದ ಬಗ್ಗೆ ಎಲ್ಲಿ ಯೋಚನೆ ಮಾಡ್ತೀವಿ?

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಅಂಗವಿಕಲ ಹೆಣ್ಣುಮಗಳಿಗೆ ಸ್ನಾನ ಮಾಡಿಸೋಕೆ, ಮುಟ್ಟಿನ ದಿನಗಳಲ್ಲಿ ನೋಡ್ಕೊಳ್ಳೋಕೆ ಹೆಂಗಸರೇ ಬೇಕು ಅಂತೀವಿ. ಸರಿ, ಅವಳ ಮಾನ, ಅವಳ ಭದ್ರತೆ, ಅವಳ ಹಕ್ಕು. ಅದನ್ನ ನಾನು ಪ್ರಶ್ನೆ ಮಾಡಲ್ಲ. ಆದರೆ ಅದೇ ನಿಯಮದ ಪ್ರಕಾರ ಅಂಗವಿಕಲ ಗಂಡುಮಗನಿಗೆ ಗಂಡಸರು ಸ್ನಾನ ಮಾಡಿಸ್ಬೇಕಿತ್ತಲ್ವಾ? ಅಲ್ಲಿಗೆ ಬಂದಾಗ ನಿಯಮ ಮಾಯ. "ತಾಯಿಗೆ ಮಗ ಯಾವತ್ತಿದ್ರೂ ಮಗುವೇ" ಅಂತೀವಿ. ಮಾನ ಅನ್ನೋದು ನಿಜವಾದ ಕಾರಣ ಆಗಿದ್ರೆ ಅದು ಎರಡೂ ಕಡೆ ನಡೀಬೇಕಿತ್ತು. ನಡೆಯೋದು ಒಂದೇ ಕಡೆ. ಯಾಕಂದ್ರೆ ನಿಜವಾದ ಕಾರಣ, ಇದು ಹೆಂಗಸರ ಕೆಲಸ ಅನ್ನೋದು.

ಇನ್ನೊಂದು ಕಡೆಯಿಂದಲೂ ನೋಡಿ. ನಮ್ಮೂರಲ್ಲಿ ನನ್ನ ಸೋದರತ್ತೆ ಒಬ್ಬರಿದ್ದಾರೆ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಒಂದು ಕಾಲಿಗೆ ಶಕ್ತಿ ಇಲ್ಲ. ಮದುವೆ ಆಗಲಿಲ್ಲ. "ಅವಳನ್ನ ಅಣ್ಣತಮ್ಮಂದಿರು ನೋಡ್ಕೋತಾರೆ" ಅಂತ ಎಲ್ಲರೂ ಹೇಳ್ತಾರೆ. ಹೋಗಿ ನೋಡಿದ್ರೆ ಬೆಳಿಗ್ಗೆ ಒಲೆ ಹಚ್ಚೋದು ಅವರೇ. ಹಾಸಿಗೆ ಹಿಡಿದಿದ್ದ ತಾತನಿಗೆ ಕೊನೆವರೆಗೂ ಗಂಜಿ ಕುಡಿಸಿದ್ದೂ ಅವರೇ. ಅಂಗವಿಕಲ ಗಂಡಸಿಗೆ ಆರೈಕೆ ಮಾಡೋಕೆ ಮನೆ ಒಬ್ಬ ಹೆಂಗಸನ್ನ ಹುಡುಕುತ್ತೆ. ಅಂಗವಿಕಲ ಹೆಂಗಸು ಎಷ್ಟೋ ಸಲ ತಾನೇ ಆ ಹೆಂಗಸಾಗಿರ್ತಾಳೆ.

ಹೊಗಳಿಕೆ ವಿಷಯ ಹೇಳದಿದ್ರೆ ತಪ್ಪಾಗುತ್ತೆ. ನಾನು ಎರಡು ವಾರ ಸ್ನಾನ ಮಾಡಿಸಿದ್ದು ಬೀದಿಗೆಲ್ಲ ಸುದ್ದಿ ಆಯ್ತು. "ಶ್ರವಣಕುಮಾರ ಕಣಪ್ಪ ನೀನು" ಅಂದ್ರು ಪಕ್ಕದ ಮನೆ ಆಂಟಿ. ಕೇಳೋಕೆ ಖುಷಿ ಆಯ್ತು, ಸುಳ್ಳು ಹೇಳಲ್ಲ. ರಾತ್ರಿ ಮಲಗಿದಾಗ ಹೊಳೀತು. ಕುರುಡ ತಂದೆತಾಯಿಯನ್ನ ಹೊತ್ತ ಗಂಡಸಿನ ಹೆಸರು ಊರಿಗೆಲ್ಲ ಗೊತ್ತು, ಮಾತುಮಾತಿಗೆ ಉದಾಹರಣೆ. ಕುರುಡ ಗಂಡನಿಗೋಸ್ಕರ ತನ್ನ ಕಣ್ಣಿಗೂ ಬಟ್ಟೆ ಕಟ್ಟಿಕೊಂಡ ಗಾಂಧಾರಿಯದ್ದನ್ನ ಹೆಂಡತಿಯ ಧರ್ಮ ಅಂದ್ವಿ. ನಮ್ಮಮ್ಮನನ್ನ 20 ವರ್ಷದಲ್ಲಿ ಯಾರೂ ಯಾವ ಹೆಸರಿಂದಲೂ ಕರೆದಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಏನು ಮಾಡೋದು? ನಾನು ತಜ್ಞ ಅಲ್ಲ. ನಮ್ಮ ಮನೇಲಿ ಉಪಯೋಗ ಆದ ಮೂರು ವಿಷಯ ಹೇಳ್ತೀನಿ.

ಒಂದು, ಬರೀರಿ. ನಿಮ್ಮ ಮನೇಲಿ ಆರೈಕೆ ಬೇಕಾದವರಿದ್ರೆ, ಬೆಳಿಗ್ಗೆ ಎದ್ದಾಗಿಂದ ರಾತ್ರಿವರೆಗೆ ಅವರಿಗಾಗಿ ನಡೆಯೋ ಒಂದೊಂದು ಕೆಲಸವನ್ನೂ ಹಾಳೆ ಮೇಲೆ ಬರೆದು, ಎದುರಿಗೆ ಮಾಡೋರ ಹೆಸರು ಹಾಕಿ. ನಮ್ಮನೇಲಿ 31 ಕೆಲಸ ಬಂತು. 27ರ ಎದುರಿಗೆ ಅಮ್ಮ. ಅಪ್ಪ ಆ ಹಾಳೆಯನ್ನ ತುಂಬ ಹೊತ್ತು ನೋಡಿದ್ರು. ವಾದ ಮಾಡಲಿಲ್ಲ. ಮರುದಿನ ರಾತ್ರಿಯಿಂದ ಊಟ ತಿನ್ನಿಸೋದು ನಾನು ಅಂದ್ರು.

ಎರಡು, ಆಪತ್ತು ಬರೋಕೆ ಮುಂಚೆ ಕಲೀರಿ. ಫಿಸಿಯೋಥೆರಪಿಗೆ ಹೋದಾಗ ಒಳಗಿನ ಬೆಂಚಿನ ಮೇಲೆಲ್ಲ ಅಮ್ಮಂದಿರು, ಹೊರಗೆ ಬೈಕ್ ಮೇಲೆ ಕೂತು ಫೋನ್ ನೋಡೋ ಅಪ್ಪಂದಿರು. ನಾನೂ ವರ್ಷಗಟ್ಟಲೆ ಆ ಬೈಕ್ ಮೇಲೆ ಕೂತವನೇ. ಈ ಸಲ ಒಳಗೆ ಹೋದೆ. ಎತ್ತೋ ಕ್ರಮ ಹೇಳಿಕೊಟ್ರು. ಬಾಗಬೇಕಾದ್ದು ಸೊಂಟ ಅಲ್ಲ, ಮೊಣಕಾಲು. ಅವರ ಮೈ ನಮ್ಮ ಮೈಗೆ ಹತ್ತಿರ ಇರ್ಬೇಕು. ಕಂಕುಳಲ್ಲಿ ಕೈ ಹಾಕಿ ಜಗ್ಗಬಾರದು. ಎತ್ತೋ ಮುಂಚೆ "ಎತ್ತಲಾ?" ಅಂತ ಹೇಳಿ, ಅವರೂ ತಯಾರಾಗೋಕೆ ಬಿಡ್ಬೇಕು. ಹತ್ತು ನಿಮಿಷದ ಪಾಠ. 20 ವರ್ಷದ ಹಿಂದೆ ಮನೆಮಂದಿಗೆಲ್ಲ ಯಾರಾದ್ರೂ ಹೇಳಿಕೊಟ್ಟಿದ್ರೆ ಅಮ್ಮನ ಬೆನ್ನು ಉಳೀತಿತ್ತೇನೋ.

ಇಲ್ಲಿ ಒಂದು ಅಡ್ಡಿ ಬರುತ್ತೆ, ಮೊದಲೇ ಹೇಳಿಬಿಡ್ತೀನಿ. ಅಮ್ಮಂದಿರೇ "ನಿಂಗೆ ಬರಲ್ಲ, ಬಿಡು" ಅಂತಾರೆ. ನಮ್ಮಮ್ಮನೂ ಅಂದ್ರು. ನೌಕರಿ ಬಿಟ್ಟ ಮೇಲೆ ಅವರಿಗೆ ಉಳಿದಿದ್ದ ಒಂದೇ ಪರಿಣತಿ ಅದು, ಅದನ್ನೂ ಬಿಟ್ಟುಕೊಡು ಅಂದ್ರೆ ಸುಲಭ ಅಲ್ಲ. ನಾವೂ ಆ ಮಾತನ್ನೇ ನೆಪ ಮಾಡ್ಕೊಂಡು ಜಾರ್ಕೋತೀವಿ. ಜಾರ್ಕೋಬೇಡಿ. ತಪ್ಪು ಮಾಡಿ, ಬೈಸ್ಕೊಳ್ಳಿ, ಮತ್ತೆ ಮಾಡಿ.

ಮೂರು, ಕೇಳಿ. ಆರೈಕೆ ಪಡೆಯೋರನ್ನೇ ಕೇಳಿ. ಯಾರು ಮಾಡಿಸಿದ್ರೆ ನಿನಗೆ ಸರಿ? ಮಾತು ಬರದವರಾದ್ರೆ ಸನ್ನೆ ಇದೆ, ಮುಖ ಇದೆ. ಕೇಳೋದಕ್ಕೆ ದುಡ್ಡು ಬೇಕಿಲ್ಲ. ನಮಗೆ ಒಂಬತ್ತು ವರ್ಷ ಹಿಡೀತು.

ಈಗ ನಮ್ಮನೆ ಹೇಗಿದೆ? ಎಲ್ಲ ಸರಿ ಹೋಯ್ತು ಅಂತ ಹೇಳಲ್ಲ. ಸ್ನಾನ, ಶೇವಿಂಗು, ಎತ್ತಿ ಕೂರಿಸೋದು ನಂದು. ರಾತ್ರಿ ಊಟ ಅಪ್ಪಂದು. ರಾತ್ರಿ ಎದ್ದು ಮಗ್ಗುಲು ತಿರುಗಿಸೋದು ಇನ್ನೂ ಅಮ್ಮನದೇ. ನಾನು ಅಲಾರಂ ಇಟ್ಕೊಂಡ್ರೂ ಅದು ಹೊಡೆಯೋ ಮುಂಚೆ ಅವರು ಎದ್ದಿರ್ತಾರೆ. ಫೆಬ್ರವರಿಯಲ್ಲಿ ಅಮ್ಮ ಅಕ್ಕನ ಜೊತೆ ಎರಡು ದಿನ ಧರ್ಮಸ್ಥಳಕ್ಕೆ ಹೋಗಿ ಬಂದ್ರು. ತಮ್ಮ ಹುಟ್ಟಿದ ಮೇಲೆ ಅವನನ್ನ ಬಿಟ್ಟು ಹೋದ ಮೊದಲ ಪ್ರವಾಸ. ಮೊದಲ ದಿನ ಏಳು ಸಲ ಫೋನ್ ಮಾಡಿದ್ರು, ಎರಡನೇ ದಿನ ಎರಡು ಸಲ. ಈಗ ಸಂಜೆ ಆರು ಮಕ್ಕಳಿಗೆ ಟ್ಯೂಷನ್ ಹೇಳ್ಕೊಡ್ತಿದ್ದಾರೆ.

ನನ್ನ ಮದುವೆ ಮಾತೂ ನಡೀತಿದೆ. ಹೋದ ತಿಂಗಳು ಹೆಣ್ಣು ನೋಡೋಕೆ ಹೋದಾಗ ನಾನೇ ಬಾಯಿಬಿಟ್ಟು ಹೇಳಿದೆ, "ನನ್ನ ತಮ್ಮನ ಕೆಲಸ ನಂದು. ನಿಮ್ಮ ಮಗಳದ್ದಲ್ಲ." ಹುಡುಗಿ ತಲೆ ಎತ್ತಿ ನೋಡಿದಳು. ಅವರಪ್ಪ ನಕ್ಕು ಕಾಫಿ ತಗೊಳ್ಳಿ ಅಂದ್ರು. ನಂಬಿದ ಹಾಗೆ ಕಾಣಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ರೂ ನಂಬ್ತಿರಲಿಲ್ಲ. ಇದನ್ನ ಮಾತಲ್ಲಿ ನಂಬಿಸೋಕಾಗಲ್ಲ. ದಿನಾ ಬೆಳಿಗ್ಗೆ ಏಳೂವರೆಗೆ ಬಚ್ಚಲಿಗೆ ಹೋಗ್ಬೇಕು, ಅಷ್ಟೇ.

ಈ ಸಂಚಿಕೆ ಇಷ್ಟ ಆದ್ರೆ ಮನೇಲಿರೋ ಗಂಡಸರಿಗೆ ಕಳಿಸಿ. ಹೆಂಗಸರಿಗೆ ಇದ್ಯಾವುದೂ ಹೊಸ ವಿಷಯ ಅಲ್ಲ. ನಿಮ್ಮನೆ ಪಟ್ಟಿ ಬರೆದು ನೋಡಿದ್ರೆ ಒಂದು ವಾಯ್ಸ್ ನೋಟ್ ಹಾಕಿ, ಎಷ್ಟು ಕೆಲಸ ಬಂತು, ಯಾರ ಹೆಸರು ಎಷ್ಟು ಸಲ ಬಂತು ಅಂತ.

ತಮ್ಮ ಪೂರ್ತಿ ಕೇಳಿಸ್ಕೊಂಡು ಕೊನೆಗೆ ಏನಂದ ಗೊತ್ತಾ? "ಉದ್ದ ಆಯ್ತು. ಮ್ಯಾಚ್ ಇದ್ದಿದ್ರೆ ಅರ್ಧಕ್ಕೇ ನಿಲ್ಲಿಸ್ತಿದ್ದೆ." ಹಾಗಾಗಿ ಇಲ್ಲಿಗೇ ನಿಲ್ಲಿಸ್ತೀನಿ. ಮುಂದಿನ ವಾರ ಸಿಗೋಣ. ನಮಸ್ಕಾರ.